ಬೀಗರ ಮನೆಯ ರೊಟ್ಟಿ ಮತ್ತು ನನ್ನ ಹಸಿವು

ಈ ಸಂಚಿಕೆಗೆ ಕಾಳುಮೆಣಸಿನ ಸೊರಗು ರೋಗದ ಬಗ್ಗೆ ಬರೆದುಕೊಡುವುದಾಗಿ ಅಧ್ಯಕ್ಷರಿಗೆ ಮಾತು ಕೊಟ್ಟಿದ್ದೆ. ಅದು ಮುಂದಿನ ಸಂಚಿಕೆಗೆ ಹೋಗಲಿ. ಎರಡು ತಿಂಗಳಿಂದ ಸಂಘದ ಕಚೇರಿಗೆ ಬರುವ ಸದಸ್ಯರು ಗೊಬ್ಬರದ ದರ ಕೇಳುವುದನ್ನು ಬಿಟ್ಟು, "ಏನು ಕಾರ್ಯದರ್ಶಿಗಳೇ, ಹೀಗೆ ಇಳಿದು ಹೋಗಿದ್ದೀರಲ್ಲ, ಆರೋಗ್ಯ ಸರಿ ಇದೆ ತಾನೆ?" ಎಂದು ಕೇಳತೊಡಗಿದ್ದಾರೆ. ಕೆಲವರು ನನ್ನನ್ನು ಕೇಳದೆ ನನ್ನ ಹೆಂಡತಿಯನ್ನು ಗುಟ್ಟಾಗಿ ಕೇಳಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಹೇಳುವ ಬದಲು ಒಂದೇ ಸಲ ಬರೆದುಬಿಡುವುದು ಒಳ್ಳೆಯದೆಂದು ತೋರಿತು. ನನಗೆ ಯಾವ ಕಾಯಿಲೆಯೂ ಅಂಟಿಲ್ಲ. ಇದ್ದ ಕಾಯಿಲೆಯನ್ನು ಹತೋಟಿಗೆ ತರಲು ಒಂಬತ್ತು ತಿಂಗಳು ಒದ್ದಾಡಿದ್ದೇನೆ, ಅಷ್ಟೆ. ಆ ಒದ್ದಾಟದಲ್ಲಿ ದೊಡ್ಡ ವೈರಿಯಾಗಿ ನಿಂತದ್ದು ಹಸಿವು. ಆದ್ದರಿಂದ ಇದು ಹಸಿವಿನ ಬಗೆಗಿನ ಲೇಖನ.

ಕಳೆದ ವರ್ಷ ಕಾಫಿ ಕೊಯ್ಲಿನ ನಡುವೆ ಕಣ್ಣು ಮಂಜಾಯಿತೆಂದು ತೋರಿಸಲು ಹೋದವನಿಗೆ ಸಕ್ಕರೆ ಕಾಯಿಲೆ ಇದೆಯೆಂದು ತಿಳಿಯಿತು. ಎತ್ತರ 168 ಸೆಂಟಿಮೀಟರ್, ತೂಕ 86 ಕಿಲೋ, ಸೊಂಟದ ಸುತ್ತಳತೆ 104 ಸೆಂಟಿಮೀಟರ್. ನಮ್ಮ ದೇಶದ ಗಂಡಸರಿಗೆ ಸೊಂಟ 90 ಸೆಂಟಿಮೀಟರ್ ದಾಟಬಾರದು, ಹೆಂಗಸರಿಗೆ 80 ದಾಟಬಾರದು ಎಂಬ ಲೆಕ್ಕವನ್ನು ವೈದ್ಯರು ಗೋಡೆಯ ಮೇಲಿನ ಪಟ ತೋರಿಸಿ ಹೇಳಿದರು. ಮಾತ್ರೆ ಬರೆದುಕೊಟ್ಟು, "ಹೊಟ್ಟೆಯ ಬೊಜ್ಜು ಇಳಿಸಿ, ಅರ್ಧ ಕಾಯಿಲೆ ಅದರೊಂದಿಗೇ ಇಳಿಯುತ್ತದೆ" ಎಂದರು. ನನ್ನ ಅಣ್ಣ ಇದೇ ಕಾಯಿಲೆಯಲ್ಲಿ, ಕಾಲಿನ ಹುಣ್ಣು ವಾಸಿಯಾಗದೆ, 58ಕ್ಕೆ ತೀರಿಕೊಂಡವನು. ನನಗೆ ಆಗ 56. ಹೆಚ್ಚು ಹೇಳಬೇಕಾದ್ದಿಲ್ಲ.

ಮನೆಗೆ ಬಂದವನೇ ನಾನು ಮಾಡಿದ್ದು ಅತಿ ಬುದ್ಧಿವಂತರು ಮಾಡುವ ಕೆಲಸ. ರಾತ್ರಿಯ ಊಟ ಬಿಟ್ಟೆ. ಬೆಳಗಿನ ತಿಂಡಿಯನ್ನೂ ಬಿಟ್ಟೆ. ಮಾತ್ರೆಯನ್ನು ಮಾತ್ರ ಬಿಡಲಿಲ್ಲ. ಹನ್ನೊಂದನೆಯ ದಿನ ಅಡಿಕೆ ತೋಟದ ಬಸಿಗಾಲುವೆ ದಾಟುವಾಗ ಮೈಯೆಲ್ಲ ಬೆವತು, ಕೈ ನಡುಗಿ, ಕಣ್ಣು ಕತ್ತಲೆಗಟ್ಟಿ ಅಲ್ಲೇ ಕುಳಿತುಬಿಟ್ಟೆ. ಸೊಪ್ಪು ಹೊರುತ್ತಿದ್ದ ಹೆಂಗಸೊಬ್ಬಳು ತನ್ನ ಬುತ್ತಿಯಲ್ಲಿದ್ದ ಬೆಲ್ಲವನ್ನು ಬಾಯಿಗೆ ಹಾಕಿ ಕೂರಿಸದಿದ್ದರೆ ಈ ಪತ್ರಿಕೆಯಲ್ಲಿ ನನ್ನ ಬಗ್ಗೆ ಬೇರೆ ಬಗೆಯ ಬರಹ ಬರುತ್ತಿತ್ತೋ ಏನೋ. ರಕ್ತದ ಸಕ್ಕರೆ ಇಳಿಸುವ ಕೆಲವು ಮಾತ್ರೆಗಳು ಹೊಟ್ಟೆಯಲ್ಲಿ ಅನ್ನ ಇದೆಯೋ ಇಲ್ಲವೋ ನೋಡುವುದಿಲ್ಲ. ತಮ್ಮ ಪಾಡಿಗೆ ತಾವು ಇಳಿಸುತ್ತವೆ. ಆದ್ದರಿಂದ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವ ಸದಸ್ಯರು ವೈದ್ಯರಿಗೆ ಹೇಳದೆ ಒಂದು ಹೊತ್ತನ್ನೂ ಬಿಡಬಾರದು. ಇದೊಂದನ್ನು ಓದಿ ಲೇಖನ ಮಡಚಿಟ್ಟರೂ ನನಗೆ ಬೇಸರವಿಲ್ಲ.

ಅಂದು ರಾತ್ರಿ ಉಪವಾಸ ಮುರಿದವನು ಎಷ್ಟು ತಿಂದೆನೆಂದು ಬರೆಯಲು ನಾಚಿಕೆಯಾಗುತ್ತದೆ. ಹಲಸಿನ ಹಪ್ಪಳವೊಂದನ್ನೇ ಹದಿನಾಲ್ಕು ಲೆಕ್ಕ ಹಾಕಿದ್ದಾಳೆ ನನ್ನ ಹೆಂಡತಿ. ಹನ್ನೊಂದು ದಿನದಲ್ಲಿ ಇಳಿದ ಎರಡು ಕಿಲೋ ಆರು ದಿನದಲ್ಲಿ ಹಿಂದಕ್ಕೆ ಬಂತು.

ಮುಂದೆ ಆರು ತಿಂಗಳು ನಾನು ತೂಕ ಇಳಿಸುವ ಮಾತೆತ್ತಲಿಲ್ಲ. ಅಷ್ಟರಲ್ಲಿ ಆಗಸ್ಟ್ ಬಂತು. ತೋಟಕ್ಕೆ ಎರಡನೆಯ ಸಲ ಬೋರ್ಡೊ ಹೊಡೆದು ಮುಗಿದಿತ್ತು. ಗೋಕಾಕದಲ್ಲಿ ಬ್ಯಾಂಕಿನ ಕೆಲಸದಲ್ಲಿರುವ ನನ್ನ ಮಗಳಿಗೆ ಎರಡನೆಯ ಹೆರಿಗೆ ಅವಳ ಗಂಡನ ಮನೆಯಲ್ಲೇ ಆಗಿತ್ತು. ಬೀಗರದು ಮೂಡಲಗಿ ತಾಲೂಕಿನ ಒಂದು ಹಳ್ಳಿ. ಕಬ್ಬು, ಗೋವಿನ ಜೋಳ, ಸ್ವಲ್ಪ ಅರಿಸಿನ ಬೆಳೆಯುವ ಮನೆತನ. ಹೆಂಡತಿ ಮೊದಲೇ ಹೋಗಿದ್ದಳು. ನಾನು ಬೀರೂರಿನಲ್ಲಿ ರಾತ್ರಿ ರೈಲು ಹತ್ತಿ ಬೆಳಗ್ಗೆ ಘಟಪ್ರಭಾದಲ್ಲಿ ಇಳಿದೆ. ನಾಲ್ಕು ದಿನಕ್ಕೆಂದು ಹೋದವನು ಇಪ್ಪತ್ತೆರಡು ದಿನ ಉಳಿದೆ. ಮೊಮ್ಮಗ ಒಂದು ಕಾರಣ. ರೊಟ್ಟಿ ಇನ್ನೊಂದು.

ಬೀಗರ ಮನೆಯ ಪಂಕ್ತಿ

ಮಲೆನಾಡಿನವರಾದ ನಮಗೆ ಬೆಳಗ್ಗೆ ಅಕ್ಕಿಯ ಕಡುಬೋ ದೋಸೆಯೋ ರೊಟ್ಟಿಯೋ, ಮಧ್ಯಾಹ್ನ ಅನ್ನ, ರಾತ್ರಿ ಅನ್ನ. ರೂಪ ಬೇರೆ, ಅಕ್ಕಿ ಒಂದೇ. ಅಲ್ಲಿ ತಟ್ಟೆಯ ಮುಂದೆ ಕುಳಿತ ಮೊದಲ ದಿನ ನನಗೆ ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯಲಿಲ್ಲ. ಬಿಸಿ ಜೋಳದ ರೊಟ್ಟಿ ಎರಡು, ಮಡಿಕೆ ಕಾಳಿನ ಉಸುಳಿ, ಪುಂಡಿ ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೊಸರು. ಇವಲ್ಲದೆ ತಟ್ಟೆಯ ಅರ್ಧ ತುಂಬ ಹಸಿ ಸೊಪ್ಪು ತರಕಾರಿ, ಅಂದರೆ ಸೌತೆಕಾಯಿ, ಮೂಲಂಗಿ ಎಲೆ ಸಹಿತ, ಎಳೆ ಮೆಂತ್ಯ, ಉಳ್ಳಾಗಡ್ಡಿ. ಮೆಂತ್ಯ ಸೊಪ್ಪನ್ನು ಹಸಿಯಾಗಿ ದನದ ಹಾಗೆ ಮೆಲ್ಲುವುದನ್ನು ನಾನು ಕಂಡದ್ದೇ ಅಲ್ಲಿ. ಅನ್ನ ಕಡೆಯಲ್ಲಿ ಬಂತು, ಒಂದು ಸೌಟು, ಶಾಸ್ತ್ರಕ್ಕೆ.

ನಾನು ಅಭ್ಯಾಸಬಲದಿಂದ ಐದು ನಿಮಿಷದಲ್ಲಿ ಮುಗಿಸಲು ನೋಡಿದೆ. ಜೋಳದ ರೊಟ್ಟಿ ಹಾಗೆ ಮುಗಿಯುವ ವಸ್ತುವಲ್ಲ. ಮುರಿಯಬೇಕು, ಪಲ್ಯ ಹಿಡಿಯಬೇಕು, ಅಗಿಯಬೇಕು. ಬೀಗರು ನನ್ನ ಪಕ್ಕದಲ್ಲಿ ನೆಮ್ಮದಿಯಿಂದ ಅಗಿಯುತ್ತಿದ್ದರು. ಅವರಿಗೆ 64, ಹೊಟ್ಟೆ ಎಂಬುದೇ ಇಲ್ಲ.

"ಬೀಗ್ರ, ಯಾಕಿಷ್ಟು ಗಡಿಬಿಡಿ? ಬಸ್ಸಿಗೆ ಹೊಂಟೀರೇನು?" ಎಂದರು.

"ಅನ್ನ ತಿಂದು ರೂಢಿ ನೋಡಿ, ಇದು ಕೆಳಗೆ ಇಳಿಯುವುದು ನಿಧಾನ" ಎಂದೆ.

ಒಳಗಿನಿಂದ ಬೀಗಿತ್ತಿಯವರು ರೊಟ್ಟಿ ಬಡಿಯುತ್ತಲೇ ಹೇಳಿದರು: "ಅನ್ನ ನುಂಗೂದ್ರೀ, ರೊಟ್ಟಿ ಅಗಿಯೂದು. ಉಂಡದ್ದು ಹೊಟ್ಟಿಗೆ ಗೊತ್ತಾಗಾಕ ಹೊತ್ತು ಬೇಕಲ್ರಿ!"

ಬಿ.ಎಸ್ಸಿ. ಓದಿದ ನನಗೆ ಅದು ಮೂವತ್ತೈದು ವರ್ಷ ಹೊಳೆದಿರಲಿಲ್ಲ. ಹೊಟ್ಟೆ ತುಂಬಿತೆಂಬ ಸುದ್ದಿ ಕರುಳಿನಿಂದ ಮಿದುಳಿಗೆ ಮುಟ್ಟಲು ಸುಮಾರು ಇಪ್ಪತ್ತು ನಿಮಿಷ ಬೇಕೆಂದು ಶರೀರಶಾಸ್ತ್ರದವರು ಹೇಳುತ್ತಾರೆ. ಐದು ನಿಮಿಷದಲ್ಲಿ ಉಂಡವನು ಸುದ್ದಿ ಮುಟ್ಟುವ ಮೊದಲೇ ಇನ್ನೊಂದು ಸಲ ಬಡಿಸಿಕೊಂಡಿರುತ್ತಾನೆ.

ಅಂದು ಮಧ್ಯಾಹ್ನ ಒಂದೂವರೆಗೆ ಉಂಡವನಿಗೆ ನಾಲ್ಕು ಗಂಟೆಗೆ ಹಸಿವಾಗಲಿಲ್ಲ. ಐದಕ್ಕೂ ಆಗಲಿಲ್ಲ. ಊರಿನಲ್ಲಾಗಿದ್ದರೆ ಮೂರೂವರೆಗೆ ಚಕ್ಕುಲಿ ಡಬ್ಬಿಯ ಮುಚ್ಚಳದ ಸದ್ದು ಕೇಳಬೇಕಿತ್ತು. ಹೊಸ ನೀರು, ಹೊಸ ಹವೆ, ಅದಕ್ಕೇ ಇರಬೇಕೆಂದುಕೊಂಡೆ. ಮೂರನೆಯ ದಿನವೂ ಹಾಗೇ ಆದಾಗ ಮಗಳ ಮೊಬೈಲಿನಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2017ರಲ್ಲಿ ಪ್ರಕಟಿಸಿದ ಆಹಾರಗಳ ಪಟ್ಟಿಯನ್ನು ತೆಗೆಸಿ ನೋಡಿದೆ. 100 ಗ್ರಾಂ ಜೋಳದಲ್ಲಿ ಸುಮಾರು 334 ಕ್ಯಾಲೊರಿ, ಬಿಳಿ ಅಕ್ಕಿಯಲ್ಲಿ 356. ಅಷ್ಟೇನೂ ಅಂತರವಿಲ್ಲ. ಆದರೆ ನಾರಿನ ಅಂಶ ಜೋಳದಲ್ಲಿ 10 ಗ್ರಾಂ, ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಸಸಾರಜನಕ ಜೋಳದಲ್ಲಿ 10, ಅಕ್ಕಿಯಲ್ಲಿ 8. ಜೊತೆಗೆ ಮಡಿಕೆ ಕಾಳು, ಹೆಸರು ಕಾಳು, ಮೊಸರು. ಹೊಟ್ಟೆಯನ್ನು ಬಹಳ ಹೊತ್ತು ತೃಪ್ತಿಯಾಗಿಡುವ ಮೂರು ವಸ್ತುಗಳು ಸಸಾರಜನಕ, ನಾರು ಮತ್ತು ನೀರು. ಆ ತಟ್ಟೆಯಲ್ಲಿ ಮೂರೂ ಇದ್ದವು. ನಮ್ಮ ತಟ್ಟೆಯಲ್ಲಿ ಸಾರಿನ ನೀರು ಮಾತ್ರ.

1995ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಸುಸಾನಾ ಹೋಲ್ಟ್ ಎಂಬಾಕೆ ಮತ್ತು ಸಂಗಡಿಗರು 38 ಬಗೆಯ ಆಹಾರಗಳನ್ನು ಸಮ ಕ್ಯಾಲೊರಿಯ ಲೆಕ್ಕದಲ್ಲಿ ಜನರಿಗೆ ಕೊಟ್ಟು, ಎರಡು ಗಂಟೆಯವರೆಗೆ ಯಾವುದು ಎಷ್ಟು ಹಸಿವು ತಡೆಯುತ್ತದೆಂದು ಅಳೆದರು. ಬಿಳಿ ಬ್ರೆಡ್ಡಿಗೆ 100 ಎಂದಿಟ್ಟರೆ ಬೇಯಿಸಿದ ಆಲೂಗಡ್ಡೆಗೆ 323 ಬಂತು. ಬೆಣ್ಣೆ ತುಂಬಿದ ಕ್ರೊಸಾಂ ಎಂಬ ಫ್ರೆಂಚ್ ತಿನಿಸಿಗೆ ಬರಿ 47. ಅವರ ಪಟ್ಟಿಯಲ್ಲಿ ಜೋಳದ ರೊಟ್ಟಿ ಇಲ್ಲ. ಇದ್ದಿದ್ದರೆ ಎಲ್ಲಿ ಕುಳಿತುಕೊಳ್ಳುತ್ತಿತ್ತೆಂದು ಊಹಿಸಬಲ್ಲೆ. ಆಲೂಗಡ್ಡೆಯನ್ನು ದಪ್ಪವಾಗಿಸುವ ವಸ್ತುವೆಂದು ನಾವು ದೂರುತ್ತೇವೆ; ಬೇಯಿಸಿದ ಗಡ್ಡೆಯದಲ್ಲ ತಪ್ಪು, ಎಣ್ಣೆಯ ಬಾಣಲೆಯದು.

ಹಾಗೆಂದು ಬೀಗರ ಸೀಮೆಯನ್ನು ನಾನು ಸ್ವರ್ಗವೆಂದು ವರ್ಣಿಸಲಾರೆ. ಅಲ್ಲಿಯೂ ಹೊಟ್ಟೆಯವರಿಗೆ ಬರವಿಲ್ಲ. ಸಂಕೇಶ್ವರದಂತಹ ಊರುಗಳಲ್ಲಿ ಸಕ್ಕರೆ ಕಾರ್ಖಾನೆ ಎದ್ದಿರುವ, ಸುತ್ತ ಕಬ್ಬೇ ಕಬ್ಬು ಕಾಣುವ ಸೀಮೆ ಅದು. ಚಹಾದಲ್ಲಿ ಚಮಚೆ ನಿಲ್ಲುವಷ್ಟು ಸಕ್ಕರೆ. ಸಂಜೆಗೆ ಮಿರ್ಚಿ ಭಜಿ. ಶ್ರಾವಣ ಸೋಮವಾರದ ಉಪವಾಸವೆಂದರೆ ಎಣ್ಣೆಯಲ್ಲಿ ಮುಳುಗಿದ ಸಾಬೂದಾಣಿ ಖಿಚಡಿ, ಅದರ ಮೇಲೆ ಶೇಂಗಾ ಪುಡಿ. ಅಂಥ ಉಪವಾಸವನ್ನು ವಾರಕ್ಕೆ ಎರಡು ಮಾಡಿದರೆ ಸಾಕು, ಹೊಸ ಅಂಗಿ ಹೊಲಿಸಬೇಕು. ಗೋಕಾಕಕ್ಕೆ ಹೋದವರು ಫಾಲ್ಸ್ ನೋಡದೆ, ಕರದಂಟು ತಿನ್ನದೆ ಬರುವುದುಂಟೇ? ಮಳೆಗಾಲದ ಘಟಪ್ರಭೆ 170 ಅಡಿ ಮೇಲಿನಿಂದ ಕೆಮ್ಮಣ್ಣಿನ ನೀರಾಗಿ ಬೀಳುವುದನ್ನು ತೂಗುಸೇತುವೆಯ ಹತ್ತಿರ ನಿಂತು ನೋಡಿದೆ. ಅದೇ ನೀರಿನ ಬಲದಿಂದ 1887ರಷ್ಟು ಹಿಂದೆಯೇ ಅಲ್ಲಿ ವಿದ್ಯುತ್ ತೆಗೆದರೆಂಬುದನ್ನು ನೆನೆದು ತಲೆದೂಗಿ, ಪೇಟೆಗೆ ಬಂದು ಕಾಲು ಕಿಲೋ ಕರದಂಟು ಕಟ್ಟಿಸಿದೆ. ಅಂಟು, ಒಣ ಕೊಬ್ಬರಿ, ಉತ್ತತ್ತಿ, ಗೋಡಂಬಿ, ಬದಾಮಿ, ಬೆಲ್ಲ, ತುಪ್ಪ. ಬಾಣಂತಿಗೂ ಕುಸ್ತಿಯವರಿಗೂ ಮಾಡಿದ ತಿನಿಸು. ನಾನು ಎರಡೂ ಅಲ್ಲ. ನನ್ನ ಮಗಳಿಗೆ ಅದು ಔಷಧ. ಕಚೇರಿಯ ಕುರ್ಚಿಯಲ್ಲಿ ಕೂರುವ ಅವಳ ಅಪ್ಪನಿಗೆ 50 ಗ್ರಾಂ ತುಂಡೆಂದರೆ ಸುಮಾರು 230 ಕ್ಯಾಲೊರಿ, ಅಂದರೆ ಒಂದು ರೊಟ್ಟಿಗೂ ಮಿಗಿಲು, ಮೂರು ಕಚ್ಚಿಗೆ ಮುಗಿಯುವಂಥದ್ದು.

ಹುಕ್ಕೇರಿಗೆ ಹೋದದ್ದು ಬೇರೆ ಕಾರಣಕ್ಕೆ. 1969ರಲ್ಲಿ ಆರಂಭವಾದ ಅಲ್ಲಿನ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವನ್ನು ಸಹಕಾರಿಯಾದವನು ನೋಡದೆ ಬರಬಾರದು. ರೈತರೇ ಸದಸ್ಯರಾಗಿ ತಾಲೂಕಿಗೆ ಕರೆಂಟು ಹಂಚುವ ಏರ್ಪಾಡು. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ. ಇಲ್ಲಿಗೆ ಸಂಬಂಧಿಸಿದ್ದೆಂದರೆ, ಆ ದಿನ ಪರಿಚಯದ ನಾಲ್ಕು ಮನೆಗಳಲ್ಲಿ ನಾಲ್ಕು ಚಹಾ, ಎರಡು ತಟ್ಟೆ ಅವಲಕ್ಕಿ, ಒಂದು ಶೇಂಗಾ ಹೋಳಿಗೆ ಆಯಿತು. ಬೇಡ ಎನ್ನಲು ಬಾಯಿ ಬರಲಿಲ್ಲ. ರಾತ್ರಿ ಮನೆಗೆ ಬಂದು ಬೀಗಿತ್ತಿಯವರಿಗೆ ಹೇಳಿದೆ. ಅವರು ನಕ್ಕು, "ತಾಟ್‌ನ್ಯಾಗ ಬಿಡಬ್ಯಾಡ್ರಿ, ಹಾಕ್ಸ್ಕೊಬ್ಯಾಡ್ರಿ. 'ಈಗ ಉಂಡ ಬಂದೀನಿ, ನೀರ ಕೊಡ್ರಿ' ಅಂದ್ರ ಯಾರೂ ಸಿಟ್ಟಾಗಂಗಿಲ್ಲ" ಎಂದರು. ಈ ಮಾತನ್ನು ನಾನು ಊರಿಗೆ ಬಂದ ಮೇಲೆ ಇಪ್ಪತ್ತು ಮದುವೆ, ಗೃಹಪ್ರವೇಶಗಳಲ್ಲಿ ಉಪಯೋಗಿಸಿದ್ದೇನೆ.

ಊರಿಗೆ ಮರಳಿದ ಮೇಲೆ

ರೈಲಿನಲ್ಲಿ ಬರುವಾಗ ನನ್ನ ಜೊತೆ ಹತ್ತು ಕಿಲೋ ಜೋಳದ ಹಿಟ್ಟು ಇತ್ತು. ಆದರೆ ನನ್ನ ಹೆಂಡತಿಗೆ ರೊಟ್ಟಿ ಬಡಿಯಲು ಬರುವುದಿಲ್ಲ, ನನಗಂತೂ ದೇವರೇ ಗತಿ. ಮೊದಲ ರೊಟ್ಟಿ ಕರ್ನಾಟಕದ ನಕಾಶೆಯಂತಿತ್ತು, ಬೀದರಿನ ಕಡೆ ಹರಿದಿತ್ತು. ಜೋಳ ಮುಖ್ಯವಲ್ಲ, ಲೆಕ್ಕ ಮುಖ್ಯ ಎಂದುಕೊಂಡು ನಮ್ಮ ಊರಿನ ಸಾಮಾನಿನಲ್ಲೇ ಆ ಲೆಕ್ಕ ಕೂಡಿಸಿದೆವು. ಹುರುಳಿ ನಮ್ಮಲ್ಲಿ ಎತ್ತಿಗೆ ಬೇಯಿಸುತ್ತಿದ್ದೆವು. ಈಗ ಬೆಂದ ಕಾಳೇ ಒಂದು ಬಟ್ಟಲು, ಅದರ ಕಟ್ಟು ಸಾರಿಗೆ. ಬಾಳೆದಿಂಡು, ತೊಂಡೆ, ಬಸಳೆ, ಸೌತೆಯ ಕೋಸಂಬರಿ ತಟ್ಟೆಯ ಅರ್ಧ. ಒಂದೆಲಗದ ತಂಬುಳಿ, ನೀರು ಮಜ್ಜಿಗೆ. ಅನ್ನ ಮೂರು ಸೌಟಿನಿಂದ ಒಂದೂಕಾಲಿಗೆ ಬಂತು, ಅದೂ ಕಡೆಯಲ್ಲಿ. ಮೊಟ್ಟೆ ಮೀನು ತಿನ್ನುವ ಸದಸ್ಯರಿಗೆ ಇದು ಇನ್ನೂ ಸುಲಭ. ತೆಂಗಿನಕಾಯಿ ಅರೆದು ಹಾಕುವುದನ್ನು ಅರ್ಧ ಮಾಡಿದೆವು; ಈ ವಿಚಾರದಲ್ಲಿ ಮನೆಯಲ್ಲಿ ನಡೆದ ವಾಗ್ವಾದವನ್ನು ಬರೆಯುವುದಿಲ್ಲ.

ತೂಗಲು ಸಂಘದಲ್ಲಿ ಮೆಣಸಿನ ಸ್ಯಾಂಪಲ್ ತೂಗುವ ಸಣ್ಣ ತಕ್ಕಡಿಯಂಥದೇ ಒಂದನ್ನು ಮನೆಗೆ ತಂದುಕೊಂಡೆ. (ಸಂಘದ್ದನ್ನೇ ಒಯ್ದಿದ್ದಾರೆಂದು ಲೆಕ್ಕಪರಿಶೋಧಕರು ತಿಳಿಯದಿರಲಿ.) ಒಂದು ತಿಂಗಳು ತೂಗಿದರೆ ಸಾಕು, ಆಮೇಲೆ ಕಣ್ಣೇ ತಕ್ಕಡಿಯಾಗುತ್ತದೆ. ತೂಗಿದಾಗ ತಿಳಿದ ದೊಡ್ಡ ಸತ್ಯ ಅನ್ನದಲ್ಲಿರಲಿಲ್ಲ, ಕಾಫಿಯಲ್ಲಿತ್ತು. ದಿನಕ್ಕೆ ಆರು ಲೋಟ, ಲೋಟಕ್ಕೆ ಎರಡು ಚಮಚೆ ಸಕ್ಕರೆ, ಒಟ್ಟು 60 ಗ್ರಾಂ, 240 ಕ್ಯಾಲೊರಿ. ತಿಂಗಳಿಗೆ 7,200. ಒಂದು ಕಿಲೋ ಬೊಜ್ಜಿನಲ್ಲಿರುವುದು ಸುಮಾರು 7,700. ಸಕ್ಕರೆ ಕಾಯಿಲೆ ಎಂದು ತಿಳಿದ ಮೇಲೂ "ಬೆಳೆಗಾರನ ಮನೆಯ ಕಾಫಿ" ಎಂದು ನಾನು ಅದನ್ನು ಬಿಟ್ಟಿರಲಿಲ್ಲ. ಬಿಟ್ಟೆ. ಹಸಿವು ಒಂದಿಷ್ಟೂ ಹೆಚ್ಚಲಿಲ್ಲ, ಯಾಕೆಂದರೆ ಆ ಸಕ್ಕರೆ ಹಸಿವಿಗೆ ಉಪಕಾರ ಮಾಡುತ್ತಲೇ ಇರಲಿಲ್ಲ. ಹದಿನೈದು ದಿನ ಕಹಿ; ಆಮೇಲೆ ನನ್ನ ತೋಟದ ಅರೇಬಿಕಾದ ರುಚಿ ಏನೆಂದು ಮೊದಲ ಬಾರಿ ತಿಳಿಯಿತು. ಸಕ್ಕರೆಯಿಲ್ಲದ ಕಾಫಿ ಸ್ವಲ್ಪ ಹೊತ್ತು ಹಸಿವನ್ನು ಮಂದ ಮಾಡುವುದೂ ಉಂಟು. ಮೂರು ಗಂಟೆಯ ನಂತರ ಕುಡಿದರೆ ಮಾತ್ರ ನಿದ್ದೆ ಕೆಡುತ್ತದೆ.

ನಿದ್ದೆಯ ಮಾತು ಬಂತು. 2004ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿ 12 ಮಂದಿ ಆರೋಗ್ಯವಂತ ತರುಣರನ್ನು ಎರಡು ರಾತ್ರಿ ನಾಲ್ಕೇ ಗಂಟೆ ಮಲಗಿಸಿ ರಕ್ತ ಪರೀಕ್ಷಿಸಿದರು. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ರಸ ಶೇಕಡಾ 28 ಏರಿತ್ತು, ತೃಪ್ತಿ ತಿಳಿಸುವ ಲೆಪ್ಟಿನ್ ಶೇಕಡಾ 18 ಇಳಿದಿತ್ತು. ಅಡಿಕೆ ಬೇಯಿಸುವ ಕಾಲದಲ್ಲಿ, ಪಲ್ಪರ್ ಓಡುವ ದಿನಗಳಲ್ಲಿ ನಾವು ನಿದ್ದೆಗೆಟ್ಟು ಒಲೆಯ ಮುಂದೆ, ಯಂತ್ರದ ಮುಂದೆ ಕುಳಿತು ಸಿಕ್ಕಿದ್ದೆಲ್ಲ ತಿನ್ನುತ್ತೇವಲ್ಲ, ಅದರ ಒಳಗುಟ್ಟು ಇದು. ಸುಗ್ಗಿಯಲ್ಲಿ ತೂಕ ಇಳಿಸಲು ನಾನು ಪ್ರಯತ್ನಿಸುವುದೇ ಇಲ್ಲ. ಏರದಿದ್ದರೆ ಸಾಕು.

ನಮ್ಮದೇ ಬೆಳೆಯ ಬಗ್ಗೆ ಒಂದು ಮಾತು

ಇದನ್ನು ಬರೆಯಬಾರದೆಂದು ಇಬ್ಬರು ನಿರ್ದೇಶಕರು ಹೇಳಿದರು. ಬರೆಯುತ್ತಿದ್ದೇನೆ.

ಹಸಿವು ತಡೆಯಲು ಅಡಿಕೆ ಅಗಿಯುವುದು ನಮ್ಮಲ್ಲಿ ಹಳೆಯ ಪದ್ಧತಿ. ಮಧ್ಯಾಹ್ನದ ಗಂಜಿಯವರೆಗೆ ಹೊಟ್ಟೆ ಸುಮ್ಮನಿರಲೆಂದು ಕವಳ ಹಾಕುತ್ತಿದ್ದ ಆಳುಗಳನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಅಡಿಕೆಯಲ್ಲಿರುವ ಅರಿಕೋಲಿನ್ ಎಂಬ ಅಂಶಕ್ಕೆ ಹಸಿವನ್ನು ಮರೆಸುವ ಗುಣ ಇದೆ. ಮೊದಲ ಎರಡು ತಿಂಗಳು ನಾನೂ ಅದನ್ನೇ ಮಾಡಿದೆ. ದಿನಕ್ಕೆ ಎರಡು ಕವಳ ಇದ್ದದ್ದು ಎಂಟಕ್ಕೆ ಏರಿತು. ಕೆನ್ನೆಯ ಒಳಗೆ ಉರಿ ಶುರುವಾದಾಗ ಹೆದರಿ ನಿಲ್ಲಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿಯು ತಂಬಾಕು ಸೇರಿಸದ ಕವಳವನ್ನೂ, ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗಕ್ಕೆ 2004ರಲ್ಲಿ ಸೇರಿಸಿದೆ. ಆ ತೀರ್ಮಾನದ ಬಗ್ಗೆ ನಮ್ಮ ಬೆಳೆಗಾರ ಸಂಘಗಳ ಆಕ್ಷೇಪಣೆ ಇದೆ, ನಮ್ಮ ಬದುಕು ಅದರ ಮೇಲೆ ನಿಂತಿದೆ, ಎಲ್ಲ ನಿಜ. ಮಾರುಕಟ್ಟೆಯ ವಾದ ಮಾರುಕಟ್ಟೆಯಲ್ಲಿ ನಡೆಯಲಿ. ತೂಕ ಇಳಿಸುವವನು ಹಸಿವಿಗೆ ಔಷಧವೆಂದು ಅಡಿಕೆಯ ಮೇಲೆ ಅಡಿಕೆ ಹಾಕುವುದು ಬೇರೆ ಮಾತು. ಇದು ಬೊಜ್ಜಿಗೂ ಒಳ್ಳೆಯದಲ್ಲ: ತೈವಾನಿನಲ್ಲಿ ಮಾಡಿದ ಅಧ್ಯಯನಗಳಲ್ಲಿ ಅಡಿಕೆ ಅಗಿಯುವವರಲ್ಲಿಯೇ ಹೊಟ್ಟೆಯ ಬೊಜ್ಜು, ಸಕ್ಕರೆ ಕಾಯಿಲೆ ಹೆಚ್ಚು ಕಂಡಿವೆ. ಊಟದ ಮೇಲಿನ ಒಂದು ಕವಳವನ್ನೂ ನಾನು ಈಗ ಬಿಟ್ಟಿದ್ದೇನೆ. ಬೆಳೆಯುವುದನ್ನು ಬಿಟ್ಟಿಲ್ಲ. ಇದರಲ್ಲಿ ವಿರೋಧಾಭಾಸ ಇದೆಯೆಂದು ನನಗೆ ಗೊತ್ತು.

ಏಳನೆಯ ತಿಂಗಳ ಹಸಿವು

ಇಲ್ಲಿಯವರೆಗೆ ಓದಿದವರು, ಕಾಳು ಸೊಪ್ಪು ತಿಂದರೆ ಹಸಿವು ಮಾಯವಾಗುತ್ತದೆಂದು ತಿಳಿಯಬಾರದು. ಮೊದಲ ಆರು ತಿಂಗಳಲ್ಲಿ 86ರಿಂದ 78ಕ್ಕೆ ಇಳಿದೆ. ಹಸಿವು ಇತ್ತು, ಆದರೆ ಮಾತು ಕೇಳುತ್ತಿತ್ತು. ಏಳನೆಯ ತಿಂಗಳಲ್ಲಿ, ಅದೇ ಊಟ, ಅದೇ ಹೊತ್ತು, ಹಸಿವು ಮಾತ್ರ ಬೇರೆಯಾಯಿತು. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಅತ್ತೆಯವರು ಮಾಡುತ್ತಿದ್ದ ಹಲಸಿನ ಹಣ್ಣಿನ ಕಡುಬು ನೆನಪಾಗುತ್ತಿತ್ತು. ಸಭೆಯ ನಡುವೆ ಠರಾವು ಓದುತ್ತ ಅಕ್ಷರದ ಬದಲು ಒತ್ತುಶ್ಯಾವಿಗೆ ಕಾಣುತ್ತಿತ್ತು. ಇಷ್ಟು ವಯಸ್ಸಾದರೂ ಮನಸ್ಸಿನ ಮೇಲೆ ಹಿಡಿತವಿಲ್ಲವಲ್ಲ ಎಂದು ನನ್ನ ಮೇಲೇ ಜಿಗುಪ್ಸೆಯಾಯಿತು.

ಓದಿ ನೋಡಿದಾಗ ಸ್ವಲ್ಪ ಸಮಾಧಾನವಾಯಿತು. ಯುದ್ಧಕಾಲದಲ್ಲಿ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಸ್ವಯಂಸೇವಕ ತರುಣರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟು ನೋಡಿದ. ಅವರ ತೂಕ ಸುಮಾರು ಕಾಲುಭಾಗ ಇಳಿಯಿತು. ಗಟ್ಟಿ ಮನಸ್ಸಿನ ಆ ಹುಡುಗರು ಊಟದ ಮಾತನ್ನೇ ಆಡುತ್ತ, ಅಡುಗೆ ಪುಸ್ತಕಗಳನ್ನು ಓದುತ್ತ, ತಟ್ಟೆ ನೆಕ್ಕುತ್ತ ಕುಳಿತರು. ಇನ್ನೊಂದು, ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದದ್ದು: ತೂಕ ಇಳಿಸಿಕೊಂಡವರ ರಕ್ತದಲ್ಲಿ ಹಸಿವು ಹುಟ್ಟಿಸುವ ರಸಗಳು ಒಂದು ವರ್ಷ ಕಳೆದ ಮೇಲೂ ಮೊದಲಿನ ಮಟ್ಟಕ್ಕಿಂತ ಮೇಲೇ ಇದ್ದವು. ಇಳಿದ ಬೊಜ್ಜನ್ನು ದೇಹ ಕಳೆದುಹೋದ ಠೇವಣಿಯೆಂದೇ ತಿಳಿದು ವಸೂಲಿಗೆ ನೋಟೀಸಿನ ಮೇಲೆ ನೋಟೀಸು ಕಳಿಸುತ್ತದೆ. ಸಾಲ ವಸೂಲಿ ಮಾಡುವ ಕಾರ್ಯದರ್ಶಿಗೆ ಇದು ಬೇಗ ಅರ್ಥವಾಯಿತು.

ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಅವರ ಒಂದು ಚಿತ್ರ ಲ್ಯಾನ್ಸೆಟ್ ಪತ್ರಿಕೆಯಲ್ಲಿ 2004ರಲ್ಲಿ ಬಂದಿತ್ತು. ಅವರೂ ಇಂಗ್ಲೆಂಡಿನ ಅವರ ಸ್ನೇಹಿತ ಜಾನ್ ಯುಡ್ಕಿನ್ ಅವರೂ ಅಕ್ಕಪಕ್ಕ ನಿಂತಿದ್ದಾರೆ. ಎತ್ತರ ತೂಕದ ಅನುಪಾತ ಇಬ್ಬರಿಗೂ ಒಂದೇ, 22.3. ಆದರೆ ಮೈಯಲ್ಲಿನ ಕೊಬ್ಬು ಇಂಗ್ಲೆಂಡಿನವರಿಗೆ ಶೇಕಡಾ 9.1, ನಮ್ಮವರಿಗೆ 21.2. ತೆಳ್ಳಗೆ ಕಂಡರೂ ಒಳಗೆ ಕೊಬ್ಬು ಕೂಡುವ ಜಾತಿ ನಮ್ಮದು. "ನಾನು ದಪ್ಪ ಇಲ್ಲ, ಹೊಟ್ಟೆ ಮಾತ್ರ" ಎನ್ನುವ ಸದಸ್ಯರು ಇದನ್ನು ಎರಡು ಸಲ ಓದಬೇಕು.

ಆ ಏಳನೆಯ ತಿಂಗಳಿಗೆ ನಾನು ಮಾಡಿದ್ದು ಇಷ್ಟು. ಒಂದು ತಿಂಗಳು ಇಳಿಸುವುದನ್ನು ನಿಲ್ಲಿಸಿ, ದಿನಕ್ಕೆ ಒಂದು ರೊಟ್ಟಿಯಷ್ಟು ಹೆಚ್ಚು ತಿಂದು, 78ರಲ್ಲೇ ನಿಂತೆ. ಊಟದ ಹೊತ್ತನ್ನು ಗಡಿಯಾರಕ್ಕೆ ಕಟ್ಟಿದೆ. ಎಂಟು, ಒಂದು, ಏಳೂವರೆ. ನಾಲ್ಕು ಗಂಟೆಗೆ ಹಸಿವೆನಿಸಿದರೆ ಬೇಯಿಸಿದ ಹುರುಳಿ ಒಂದು ಬಟ್ಟಲು ಎಂದು ನಿಯಮ ಮಾಡಿದೆ. ಹುರುಳಿ ತಿನ್ನಬೇಕೆನಿಸಿದರೆ ಅದು ಹಸಿವು. ಹುರುಳಿ ಬೇಡ, ಚಕ್ಕುಲಿಯೇ ಬೇಕು ಎನಿಸಿದರೆ ಬಾಯಿಚಪಲ. ಈ ಪರೀಕ್ಷೆಯಲ್ಲಿ ನಾನು ಹತ್ತರಲ್ಲಿ ಆರು ಸಲ ಸಿಕ್ಕಿಬಿದ್ದಿದ್ದೇನೆ. ಬಾಯಿಚಪಲದ ಹಸಿವು ಅಲೆಯಂತೆ ಬರುತ್ತದೆ, ತೋಟದ ಮೇಲಿನ ಗೇಟಿನವರೆಗೆ ನಡೆದು ಬರುವಷ್ಟರಲ್ಲಿ ಇಳಿಯುತ್ತದೆ. ನಿಜವಾದ ಹಸಿವು ಇಳಿಯುವುದಿಲ್ಲ. ಅದಕ್ಕೆ ಅನ್ನ ಕೊಡಬೇಕು, ವೇದಾಂತ ಕೊಡಬಾರದು. ಒಂದು ದಿನ ಮದುವೆಯಲ್ಲಿ ಹೋಳಿಗೆ ನಾಲ್ಕಾದರೆ ಮರುದಿನ ಉಪವಾಸ ಮಾಡುವುದಿಲ್ಲ, ಮಾಮೂಲು ಊಟ. ಉಪವಾಸ ನನ್ನನ್ನು ಬಸಿಗಾಲುವೆಯ ದಡದಲ್ಲಿ ಕೂರಿಸಿದ್ದು ಮರೆತಿಲ್ಲ.

ಹಸಿವನ್ನೇ ತಗ್ಗಿಸುವ ಚುಚ್ಚುಮದ್ದುಗಳ ಬಗ್ಗೆ ಕೆಲವರು ವಿಚಾರಿಸಿದ್ದಾರೆ. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಎಂಬವು ತೂಕ ಇಳಿಸುವ ಮದ್ದಾಗಿ 2025ರಲ್ಲಿ ನಮ್ಮ ದೇಶದ ಮಾರುಕಟ್ಟೆಗೂ ಬಂದಿವೆ. ಅವು ಕೆಲಸ ಮಾಡುತ್ತವೆ, ಸಂಶಯವಿಲ್ಲ. ಸೆಮಾಗ್ಲುಟೈಡ್ ನಿಲ್ಲಿಸಿದವರನ್ನು ಒಂದು ವರ್ಷ ಗಮನಿಸಿ 2022ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಇಳಿದಿದ್ದರ ಮೂರರಲ್ಲಿ ಎರಡು ಪಾಲು ತೂಕ ಹಿಂದಕ್ಕೆ ಬಂದಿತ್ತು. ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದು ವೈದ್ಯರ ತೀರ್ಮಾನ. ಔಷಧಿ ಅಂಗಡಿಯವರದಲ್ಲ, ಕಾರ್ಯದರ್ಶಿಯದೂ ಅಲ್ಲ. ಹಾಗೆಯೇ, ತೂಕ ಇಳಿಸುವ ಯಾವ ಪ್ರಯತ್ನವೂ ಇಲ್ಲದೆ ವಿಪರೀತ ಹಸಿವು, ಬಾಯಾರಿಕೆ, ಪದೇ ಪದೇ ಮೂತ್ರ, ತಾನಾಗಿ ತೂಕ ಇಳಿಯುವುದು ಇದ್ದರೆ ಈ ಲೇಖನದ ಉಪಾಯ ಮಾಡುತ್ತ ಕೂರದೆ ಮೊದಲು ರಕ್ತ ಪರೀಕ್ಷೆ ಮಾಡಿಸಬೇಕು.

ಈಗ ನನ್ನ ತೂಕ 77, ಸೊಂಟ 95. ಇನ್ನೂ ಐದು ಸೆಂಟಿಮೀಟರ್ ಬಾಕಿ ಇದೆ. ವೈದ್ಯರು ಎರಡು ಮಾತ್ರೆಗಳಲ್ಲಿ ಒಂದನ್ನು ನಿಲ್ಲಿಸಿದ್ದಾರೆ. ಹಸಿವು ನಿಂತಿಲ್ಲ, ಇದನ್ನು ಬರೆಯುವಾಗಲೂ ಗಂಟೆ ನಾಲ್ಕಾಗಿದೆ, ಹುರುಳಿ ಬಟ್ಟಲು ಮೇಜಿನ ಮೇಲಿದೆ. ಕಳೆದ ವಾರ ಬೀಗಿತ್ತಿಯವರು ಬಸ್ಸಿನಲ್ಲಿ ಕಳಿಸಿದ ಗಂಟಿನಲ್ಲಿ ಜೋಳದ ಹಿಟ್ಟು, ಗುರೆಳ್ಳು ಚಟ್ನಿ, ಮೇಲೆ ಒಂದು ಕಿಲೋ ಕರದಂಟು ಇತ್ತು. ಕರದಂಟಿನ ಡಬ್ಬಿಯನ್ನು ಮನೆಗೆ ಒಯ್ಯುವ ಧೈರ್ಯವಾಗದೆ ಸಂಘದ ಕಚೇರಿಯ ಕಪಾಟಿನಲ್ಲಿ ಇಟ್ಟು, ಬೀಗದ ಕೈಯನ್ನು ಗುಮಾಸ್ತರ ವಶಕ್ಕೆ ಕೊಟ್ಟಿದ್ದೇನೆ. ಮಹಾಸಭೆಯ ದಿನ ಕಚೇರಿಯ ಬಾಗಿಲಲ್ಲಿ ಒಂದು ಅಳತೆ ಟೇಪು ಇರುತ್ತದೆ. ಸೊಂಟ ಅಳೆಸಿಕೊಂಡು ಸಂಖ್ಯೆಯನ್ನು ತಮ್ಮ ಕೈಯಾರೆ ಬರೆದುಕೊಂಡ ಸದಸ್ಯರಿಗೆ ಗುಮಾಸ್ತರು ಒಂದು ತುಂಡು ಕೊಡುತ್ತಾರೆ. ಒಂದೇ ತುಂಡು.